ಗ್ಯಾರೇಜ್ ಬಾಗಿಲೂ ಮನೆ ಬಾಗಿಲೇ, ಅದಕ್ಕೂ ಬೀಗ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆ ಓದುವ ಎಷ್ಟೋ ಅಪ್ಪ ಅಮ್ಮಂದಿರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುತ್ತಾರೆ. ಬಂದರೆ ಆರು ತಿಂಗಳು ಇರುತ್ತಾರೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಸ್ಕೂಲಿಗೆ ಹೋದ ಮೇಲೆ ಸಂಜೆವರೆಗೂ ಆ ಮನೆಯಲ್ಲಿ ಇರುವವರು ಇವರೇ. ಆದರೆ ಆ ಮನೆಯ ಬಾಗಿಲು ಹೇಗೆ ತೆರೆಯುತ್ತದೆ, ಹೇಗೆ ಮುಚ್ಚುತ್ತದೆ, ಕರೆಂಟ್ ಹೋದರೆ ಏನು ಮಾಡಬೇಕು ಅಂತ ಯಾರೂ ಇವರನ್ನು ಕೂರಿಸಿಕೊಂಡು ಹೇಳಿರುವುದಿಲ್ಲ. ಟಿವಿ ರಿಮೋಟ್ ಹೇಳಿಕೊಡುತ್ತೇವೆ, ವೈಫೈ ಪಾಸ್‌ವರ್ಡ್ ಬರೆದುಕೊಡುತ್ತೇವೆ, ಮೈಕ್ರೋವೇವ್ ತೋರಿಸುತ್ತೇವೆ, ಬಾಗಿಲ ವಿಷಯ ಮಾತ್ರ ಬಿಟ್ಟುಬಿಡುತ್ತೇವೆ. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಇದ್ದೇನೆ. ಸುತ್ತಮುತ್ತ ಕನ್ನಡದ ಮನೆಗಳು ಬೇಕಾದಷ್ಟಿವೆ, ಎಲ್ಲ ಕಡೆ ಇದೇ ಕಥೆ. ಅದಕ್ಕೇ ಈ ಪತ್ರ.

ಇಲ್ಲಿ ಮನೆಯ ಮುಂಬಾಗಿಲನ್ನು ನೋಡಿದರೆ ಕೋಟೆ ಅನ್ನಿಸಬೇಕು. ದಪ್ಪ ಕದ, ಗಟ್ಟಿ ಬೀಗ, ಪಕ್ಕದಲ್ಲಿ ಕ್ಯಾಮೆರಾ ಇರುವ ಕಾಲಿಂಗ್ ಬೆಲ್. ಆದರೆ ಆ ಬಾಗಿಲಿನಿಂದ ಮನೆಯವರು ಓಡಾಡುವುದೇ ಕಡಿಮೆ. ಎಲ್ಲರೂ ಓಡಾಡುವುದು ಗ್ಯಾರೇಜಿನಿಂದ. ಕಾರು ರಸ್ತೆ ತಿರುವಿಗೆ ಬರುವಾಗಲೇ ಒಳಗೆ ಕೂತು ಒಂದು ಬಟನ್ ಒತ್ತುತ್ತೇವೆ. ಹದಿನಾರು ಅಡಿ ಅಗಲದ ಬಾಗಿಲು ಮೇಲೆದ್ದು ಮಡಚಿಕೊಳ್ಳುತ್ತದೆ. ಕಾರು ನಿಲ್ಲಿಸಿ, ಅಲ್ಲೇ ಚಪ್ಪಲಿ ಬಿಟ್ಟು, ಗ್ಯಾರೇಜಿನಿಂದ ಅಡುಗೆ ಮನೆ ಕಡೆಗೆ ತೆರೆಯುವ ಸಣ್ಣ ಬಾಗಿಲಿನಿಂದ ಒಳಗೆ ಹೋಗುತ್ತೇವೆ. ನಮ್ಮವರ ಗ್ಯಾರೇಜ್ ಅಂದರೆ ಬರೀ ಕಾರಿನ ಜಾಗ ಅಲ್ಲ. ಎರಡನೇ ಫ್ರಿಜ್ಜು, ಸೋನಾ ಮಸೂರಿ ಮೂಟೆ, ಗಣೇಶನ ಹಬ್ಬದ ಮಂಟಪ, ಊರಿಗೆ ಹೋಗುವ ಸೂಟ್‌ಕೇಸು, ಎಲ್ಲವೂ ಅಲ್ಲೇ. ಹಾಗಾಗಿ ಒಳಗಿನ ಸಣ್ಣ ಬಾಗಿಲು ದಿನಕ್ಕೆ ಎಷ್ಟೋ ಸಲ ತೆರೆದು ಮುಚ್ಚುತ್ತದೆ, ಯಾರೂ ಅದಕ್ಕೆ ಬೀಗ ಹಾಕುವುದಿಲ್ಲ. ರಾತ್ರಿಯೂ ಹಾಕುವುದಿಲ್ಲ.

ಈಗ ಯೋಚಿಸಿ. ದೊಡ್ಡ ಬಾಗಿಲು ಒಂದು ಬಟನ್ನಿನಿಂದ ತೆರೆದುಕೊಳ್ಳುತ್ತದೆ, ಒಳಗಿನದಕ್ಕೆ ಬೀಗವಿಲ್ಲ. ಅಂದಮೇಲೆ ಮನೆಯ ನಿಜವಾದ ಕೀಲಿಕೈ ಯಾವುದು? ಕಾರಿನೊಳಗಿರುವ ಆ ಬಟನ್ನೇ ಅಲ್ವಾ?

ಈ ಬಟನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದಿನಾ ಒತ್ತುವವರಿಗೇ ಇದು ಗೊತ್ತಿರುವುದಿಲ್ಲ. ಕಾರಿನಲ್ಲಿ ಹಿಂದೆ ನೋಡುವ ಕನ್ನಡಿಯ ಕೆಳಗೋ, ತಲೆ ಮೇಲೋ, ಬಿಸಿಲಿಗೆ ಅಡ್ಡ ಇಳಿಸುವ ಪಟ್ಟಿಯ ಮೇಲೋ ಮೂರು ಸಣ್ಣ ಬಟನ್‌ಗಳಿರುತ್ತವೆ. ಪಕ್ಕದಲ್ಲಿ ಪುಟ್ಟ ಮನೆಯ ಚಿತ್ರ. ಇದಕ್ಕೆ ಹೋಮ್‌ಲಿಂಕ್ ಅಂತ ಹೆಸರು. ಕಾರು ಕಂಪನಿ ಯಾವುದೇ ಇರಲಿ, ಸಾಮಾನ್ಯವಾಗಿ ಒಳಗಿರುವುದು ಇದೇ. ಗ್ಯಾರೇಜ್ ಬಾಗಿಲು ಎತ್ತಿ ಇಳಿಸುವ ಮೋಟರ್ ಜೊತೆ ಇದನ್ನು ಒಂದು ಸಲ ಪರಿಚಯ ಮಾಡಿಸಬೇಕು. ಎಷ್ಟೋ ಕಾರುಗಳಲ್ಲಿ ಮೊದಲು ಕೈ ರಿಮೋಟನ್ನು ಆ ಬಟನ್ ಹತ್ತಿರ ಹಿಡಿದು ಎರಡನ್ನೂ ಒಟ್ಟಿಗೆ ಒತ್ತಬೇಕು. ಆಮೇಲೆ ಸ್ಟೂಲ್ ಹಾಕಿಕೊಂಡು ಹತ್ತಿ, ಚಾವಣಿಯಿಂದ ನೇತಾಡುವ ಮೋಟರ್ ಪೆಟ್ಟಿಗೆಯ ಹಿಂದೆ ಇರುವ ‘ಲರ್ನ್’ ಬಟನ್ ಒತ್ತಿ, ಅರ್ಧ ನಿಮಿಷದೊಳಗೆ ಕೆಳಗಿಳಿದು ಕಾರಿನಲ್ಲಿರುವ ಬಟನ್ ಎರಡು ಮೂರು ಸಲ ಒತ್ತಿದರೆ ಮುಗಿಯಿತು. ಅಲ್ಲಿಂದ ಮುಂದೆ ಆ ಕಾರಿಗೆ ನಿಮ್ಮ ಮನೆ ಗೊತ್ತು. ನೀವು ಮರೆತರೂ ಅದು ಮರೆಯುವುದಿಲ್ಲ. ತೊಂದರೆ ಇರುವುದು ಇಲ್ಲೇ.

ಕಾರು ಮಾರುತ್ತೇವೆ, ಲೀಸ್ ಮುಗಿಯಿತು ಅಂತ ವಾಪಸ್ ಕೊಡುತ್ತೇವೆ. ಸೀಟ್ ಕೆಳಗೆ ಬಿದ್ದ ಚಿಲ್ಲರೆ ಕಾಸನ್ನೂ ಹುಡುಕಿ ತೆಗೆಯುತ್ತೇವೆ, ಆದರೆ ಆ ಮೂರು ಬಟನ್ನಿನ ನೆನಪು ಅಳಿಸುವುದಿಲ್ಲ. ಅಳಿಸುವುದು ಕಷ್ಟವೂ ಅಲ್ಲ. ಆ ಕಡೆ ಈ ಕಡೆ ಇರುವ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದು, ಲೈಟು ಪಟಪಟ ಮಿನುಗುವವರೆಗೆ ಬಿಡದಿದ್ದರೆ ಸಾಕು. ಮನೆ ಕೊಳ್ಳುವಾಗ ಇದು ಉಲ್ಟಾ. ಮುಂಬಾಗಿಲ ಬೀಗವನ್ನು ಮೊದಲ ದಿನವೇ ಬದಲಿಸುತ್ತೇವೆ, ಪೂಜೆ ಮಾಡಿಸುತ್ತೇವೆ, ಹಾಲುಕ್ಕಿಸುತ್ತೇವೆ. ಆದರೆ ಹಳೆ ಮಾಲೀಕರ ಕಾರು, ಅವರ ಮಗಳ ಕಾರು, ಅವರ ಮನೆಗೆಲಸದವರ ಹತ್ತಿರ ಇದ್ದ ರಿಮೋಟು, ಎಲ್ಲವೂ ಇನ್ನೂ ನಮ್ಮ ಗ್ಯಾರೇಜ್ ತೆರೆಯುತ್ತಿರುತ್ತವೆ. ಹೆಚ್ಚಿನ ಮೋಟರ್‌ಗಳಲ್ಲಿ ಆ ಲರ್ನ್ ಬಟನ್ ಅನ್ನೇ ಆರು ಸೆಕೆಂಡು ಒತ್ತಿ ಹಿಡಿದರೆ ಹಳೆಯ ಪರಿಚಯವೆಲ್ಲ ಅಳಿಸಿಹೋಗುತ್ತದೆ. ಆಮೇಲೆ ನಮ್ಮ ಕಾರು, ನಮ್ಮ ರಿಮೋಟು, ಗೋಡೆ ಮೇಲಿನ ನಂಬರ್ ಪ್ಯಾಡು, ಒಂದೊಂದನ್ನೇ ಮತ್ತೆ ಸೇರಿಸಿಕೊಳ್ಳಬೇಕು. ಅರ್ಧ ಗಂಟೆ ಕೆಲಸ. ಹೊಸ ಮನೆಗೆ ಹೋದವರು ದಯವಿಟ್ಟು ಈ ಅರ್ಧ ಗಂಟೆ ಕೊಡಿ.

ಇನ್ನು ಹಳೆ ಮೋಟರ್‌ಗಳು. 90ರ ದಶಕದ ಮಧ್ಯದವರೆಗೆ ಬಂದ ಎಷ್ಟೋ ಮೋಟರ್‌ಗಳಲ್ಲಿ ರಿಮೋಟ್ ಪ್ರತಿ ಸಲವೂ ಒಂದೇ ಕೋಡ್ ಕಳಿಸುತ್ತಿತ್ತು. ರಿಮೋಟ್ ಬಿಚ್ಚಿದರೆ ಒಳಗೆ ಸಾಲಾಗಿ ಸಣ್ಣ ಸಣ್ಣ ಸ್ವಿಚ್ಚುಗಳು. ಹನ್ನೆರಡು ಸ್ವಿಚ್ ಇದ್ದರೂ ಒಟ್ಟು ಆಗುವುದು 4,096 ಕೋಡ್ ಅಷ್ಟೇ. 2015ರಲ್ಲಿ ಸ್ಯಾಮಿ ಕಾಮ್‌ಕಾರ್ ಅನ್ನುವ ಸಂಶೋಧಕ, ಹುಡುಗಿಯರು ಮೆಸೇಜ್ ಕಳಿಸಿ ಆಡುವ ಒಂದು ಆಟಿಕೆಯನ್ನು ತೆಗೆದುಕೊಂಡು, ಅದರ ಪ್ರೋಗ್ರಾಂ ಬದಲಿಸಿ, ಇಂಥ ಬಾಗಿಲುಗಳನ್ನು ಹತ್ತು ಸೆಕೆಂಡಿನೊಳಗೆ ತೆರೆಯಬಹುದು ಅಂತ ತೋರಿಸಿಕೊಟ್ಟ. ಕೋಡ್‌ಗಳನ್ನು ಒಂದೊಂದಾಗಿ ಕಳಿಸದೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಕಳಿಸಿದ, ಅದೇ ಅವನ ಉಪಾಯ. ಈಗಿನ ಮೋಟರ್‌ಗಳಲ್ಲಿ ಒತ್ತಿದಾಗಲೆಲ್ಲ ಕೋಡ್ ಬದಲಾಗುತ್ತದೆ, ಹಾಗಾಗಿ ಈ ಆಟ ನಡೆಯುವುದಿಲ್ಲ. ಚೇಂಬರ್‌ಲೇನ್, ಲಿಫ್ಟ್‌ಮಾಸ್ಟರ್ ಬ್ರ್ಯಾಂಡಿನ ಮೋಟರ್ ಆದರೆ ಲರ್ನ್ ಬಟನ್ ಬಣ್ಣ ನೋಡಿಯೇ ವಯಸ್ಸು ಹೇಳಬಹುದು. ಹಳದಿ ಆದರೆ 2011ರ ಈಚಿನದು. ರಿಮೋಟಿನೊಳಗೆ ಸ್ವಿಚ್ಚುಗಳ ಸಾಲು ಕಂಡರೆ ಮೋಟರ್ ಬದಲಿಸುವುದೇ ಒಳ್ಳೆಯದು. ಕ್ಯಾಮೆರಾಕ್ಕೆ ದುಡ್ಡು ಹಾಕುವ ಮೊದಲು ಅದಕ್ಕೆ ಹಾಕಿ.

ಕೆಲವರು ಕಾರಿನಲ್ಲಿ ಬಟನ್ ಇಲ್ಲ ಅಂತ ರಿಮೋಟನ್ನೇ ಬಿಸಿಲ ಪಟ್ಟಿಗೆ ಸಿಕ್ಕಿಸಿ, ಕಾರನ್ನು ರಾತ್ರಿಯೆಲ್ಲ ಮನೆ ಮುಂದೆ ಹೊರಗೆ ನಿಲ್ಲಿಸುತ್ತಾರೆ. ಗ್ಯಾರೇಜಿನಲ್ಲಿ ಸಾಮಾನು ತುಂಬಿರುತ್ತದಲ್ಲ, ಕಾರಿಗೆ ಜಾಗ ಎಲ್ಲಿ? ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯಿತು. ಕಾರಿನ ಗಾಜು ಒಡೆದವರು ಕಾರಿನಲ್ಲಿ ಬೇರೇನೂ ಮುಟ್ಟಲಿಲ್ಲ. ರಿಮೋಟ್ ಒತ್ತಿದರು, ಗ್ಯಾರೇಜಿಗೆ ಹೋದರು, ಎರಡು ಸೈಕಲ್ಲು, ಡ್ರಿಲ್ ಪೆಟ್ಟಿಗೆ ಎತ್ತಿಕೊಂಡು ಹೋದರು. ಪುಣ್ಯಕ್ಕೆ ಒಳಬಾಗಿಲಿಗೆ ಆ ರಾತ್ರಿ ಬೀಗ ಹಾಕಿತ್ತು, ಮೇಲೆ ಅಜ್ಜಿ ತಾತ ಮಲಗಿದ್ದರು. ಕಾರಿನ ಡ್ಯಾಶ್‌ಬೋರ್ಡ್ ಕೆಳಗಿನ ಪೆಟ್ಟಿಗೆಯಲ್ಲಿ ರಿಜಿಸ್ಟ್ರೇಷನ್ ಕಾಗದ ಇರುತ್ತದೆ, ಅದರಲ್ಲಿ ಮನೆ ವಿಳಾಸ ಇರುತ್ತದೆ. ರೈಲ್ವೆ ಸ್ಟೇಷನ್ನಿನ ಪಾರ್ಕಿಂಗಲ್ಲೋ ಮಾಲ್‌ನಲ್ಲೋ ಕಾರು ಒಡೆದರೆ ಬೀಗದ ಕೈ, ಮನೆ ವಿಳಾಸ ಎರಡೂ ಒಂದೇ ಕಡೆ ಸಿಕ್ಕಂತೆ. ಮನೆಯಲ್ಲಿ ಯಾರೂ ಇಲ್ಲ ಅನ್ನುವುದೂ ಗೊತ್ತಾದಂತೆ. ಕೀಚೈನಿಗೆ ಹಾಕಿಕೊಳ್ಳುವ ಪುಟ್ಟ ರಿಮೋಟ್ ಸಿಗುತ್ತದೆ, ಅದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಒಳಬಾಗಿಲ ಬಗ್ಗೆ ಮತ್ತೆ ಹೇಳಲೇಬೇಕು. ಇಲ್ಲಿನ ಕಟ್ಟಡ ನಿಯಮದ ಪ್ರಕಾರ ಗ್ಯಾರೇಜಿನಿಂದ ಮನೆಯೊಳಕ್ಕೆ ಬರುವ ಬಾಗಿಲು ಗಟ್ಟಿ ಕದದ್ದೇ ಆಗಿರಬೇಕು. ಗ್ಯಾರೇಜಿನಲ್ಲಿ ಬೆಂಕಿ ಹತ್ತಿದರೆ ಸ್ವಲ್ಪ ಹೊತ್ತು ತಡೆಯಬೇಕು, ಕ್ಯಾಲಿಫೋರ್ನಿಯಾದಲ್ಲಿ ಅದು ತಾನಾಗಿ ಮುಚ್ಚಿಕೊಳ್ಳಲೂ ಬೇಕು. ಅಂದರೆ ಗಟ್ಟಿ ಬಾಗಿಲು ಈಗಾಗಲೇ ಇದೆ. ನಮ್ಮವರು ಮಾಡುವುದೇನು? ಓಡಾಡಲು ಕಷ್ಟ ಅಂತ ಅದಕ್ಕೆ ಚಪ್ಪಲಿ ಅಡ್ಡ ಇಟ್ಟು ತೆರೆದೇ ಬಿಡುತ್ತಾರೆ. ಒಗ್ಗರಣೆ ಘಾಟು ಹೋಗಲಿ ಅಂತಲೂ ಬಿಡುವುದುಂಟು. ಹಗಲಲ್ಲಿ ಮುಚ್ಚಿ, ರಾತ್ರಿ ಬೀಗ ಹಾಕಿ. ಇಷ್ಟು ಮಾಡಿದರೆ ಗ್ಯಾರೇಜ್ ಬಾಗಿಲು ತೆರೆದವನಿಗೆ ಸೈಕಲ್ ಸಿಗಬಹುದು, ಮನೆ ಸಿಗುವುದಿಲ್ಲ. ಕಾಸು ಖರ್ಚಿಲ್ಲದ ಕೆಲಸ ಇದು.

ಮೋಟರಿನಿಂದ ನೇತಾಡುವ ಕೆಂಪು ಹಿಡಿಯ ಹಗ್ಗವನ್ನು ಎಲ್ಲರೂ ನೋಡಿರುತ್ತೀರಿ. ಎಳೆದರೆ ಬಾಗಿಲು ಮೋಟರಿನಿಂದ ಬಿಡಿಸಿಕೊಳ್ಳುತ್ತದೆ, ಆಮೇಲೆ ಕೈಯಲ್ಲೇ ಎತ್ತಬಹುದು. ಕಳ್ಳರಿಗೂ ಇದು ಗೊತ್ತು. ಬಾಗಿಲ ಮೇಲಂಚನ್ನು ಸ್ವಲ್ಪ ಒಳಕ್ಕೆ ತಳ್ಳಿ, ಬಟ್ಟೆ ನೇತುಹಾಕುವ ತಂತಿ ತೂರಿಸಿ, ಆ ಹಗ್ಗದ ಕೊಕ್ಕೆ ಎಳೆದರೆ ಕೆಲವೇ ಸೆಕೆಂಡಿನಲ್ಲಿ ಬಾಗಿಲು ಅವರದು. ಹಾಗಂತ ಕೆಲವರು ಹಗ್ಗವನ್ನೇ ಕತ್ತರಿಸಿ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2017ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನಾಪಾ, ಸೊನೋಮಾ ಕಡೆ ಕಾಳ್ಗಿಚ್ಚು ಊರೊಳಗೇ ನುಗ್ಗಿತು. ಕರೆಂಟ್ ಹೋಗಿತ್ತು. ಗ್ಯಾರೇಜ್ ಬಾಗಿಲು ಏಳಲಿಲ್ಲ. ಕಾರು ಹೊರಗೆ ತರಲಾಗದೆ ವಯಸ್ಸಾದವರು ಒಳಗೇ ಸತ್ತರು. ಆಮೇಲೆ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು, 2019ರ ಜುಲೈ 1ರಿಂದ ಇಲ್ಲಿ ಮಾರುವ, ಹೊಸದಾಗಿ ಕೂರಿಸುವ ಗ್ಯಾರೇಜ್ ಮೋಟರ್‌ಗೆ ಬ್ಯಾಟರಿ ಇರಲೇಬೇಕು. ಅದಕ್ಕೂ ಹಿಂದಿನ ಮೋಟರ್ ಇರುವ ಮನೆಗಳು ಈಗಲೂ ಎಷ್ಟೋ ಇವೆ. ಹಗ್ಗ ಇರಲಿ, ಹೊರಗಿನಿಂದ ತಂತಿ ತಾಗದ ಹಾಗೆ ಕೊಕ್ಕೆಗೆ ಅಡ್ಡ ಹಾಕುವ ಪ್ಲಾಸ್ಟಿಕ್ ತಗಡು ಸಿಗುತ್ತದೆ, ಅದನ್ನು ಹಾಕಿ.

ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಈ ಹಗ್ಗವನ್ನು ಎಳೆಸಿಯೇ ತೋರಿಸಬೇಕು. ಬಾಗಿಲು ಮುಚ್ಚಿರುವಾಗಲೇ ಎಳೆಸಿ, ಯಾಕೆಂದರೆ ತೆರೆದಿರುವಾಗ ಎಳೆದರೆ, ಸ್ಪ್ರಿಂಗ್ ಸರಿ ಇಲ್ಲದಿದ್ದರೆ, ಅಷ್ಟು ಭಾರದ ಬಾಗಿಲು ದಡಾರನೆ ಬೀಳುತ್ತದೆ. ಎಪ್ಪತ್ತು ವರ್ಷದ ಅಮ್ಮನ ಕೈಗೆ ಆ ಹಗ್ಗ ಎಟುಕುತ್ತದಾ ಅನ್ನುವುದನ್ನೂ ನೋಡಿ. ಎಟುಕದಿದ್ದರೆ ಉದ್ದ ಮಾಡಿ. ಹಾಗೆಯೇ ನೆಲದಿಂದ ಆರು ಇಂಚು ಎತ್ತರದಲ್ಲಿ ಎರಡೂ ಕಡೆ ಸಣ್ಣ ಕಣ್ಣುಗಳಿರುತ್ತವೆ, ಮಗುವೋ ಬೆಕ್ಕೋ ಅಡ್ಡ ಬಂದರೆ ಬಾಗಿಲು ವಾಪಸ್ ಮೇಲೇಳಲಿ ಅಂತ. 1993ರಿಂದ ಇಂಥ ರಕ್ಷಣೆ ಇಲ್ಲಿ ಕಡ್ಡಾಯ. ಅಕ್ಕಿ ಮೂಟೆ ತಾಗಿ ಅವು ಓರೆಯಾದರೆ ಬಾಗಿಲು ಅರ್ಧಕ್ಕೆ ಬಂದು ಮತ್ತೆ ತೆರೆದುಕೊಳ್ಳುತ್ತದೆ. ನಾವು ಬಟನ್ ಒತ್ತಿ ಕಾರಿನಲ್ಲಿ ಹೊರಟುಬಿಟ್ಟಿರುತ್ತೇವೆ, ಮನೆ ದಿನವೆಲ್ಲ ಬಾಯಿ ತೆರೆದುಕೊಂಡಿರುತ್ತದೆ. ಪೂರ್ತಿ ಮುಚ್ಚುವವರೆಗೆ ನಿಂತು ನೋಡಿ ಹೊರಡಿ.

ನಮ್ಮ ಮನೆಗಳ ಮೇಲೆ ಕಳ್ಳರ ಕಣ್ಣು ಜಾಸ್ತಿ ಅನ್ನುವುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಾರಣ ಚಿನ್ನ. 2011ರಿಂದ 2014ರವರೆಗೆ ಜಾರ್ಜಿಯಾ, ನ್ಯೂಯಾರ್ಕ್, ಮಿಚಿಗನ್, ಟೆಕ್ಸಾಸ್‌ನಲ್ಲಿ ಭಾರತದ ಮತ್ತು ಏಷ್ಯಾದ ಮನೆಗಳನ್ನೇ ಪಟ್ಟಿ ಮಾಡಿ, ಮನೆಯವರು ಒಳಗಿರುವಾಗಲೇ ನುಗ್ಗಿ, ಕಟ್ಟಿಹಾಕಿ ದೋಚಿದ ಒಂದು ಗುಂಪು ಇತ್ತು. ಅದನ್ನು ನಡೆಸಿದವಳಿಗೆ 2019ರಲ್ಲಿ ಫೆಡರಲ್ ಕೋರ್ಟ್ 37 ವರ್ಷ ಶಿಕ್ಷೆ ಕೊಟ್ಟಿತು. ಮೊಮ್ಮಗನ ಉಪನಯನ, ಮಗಳ ಸೀಮಂತ ಅಂತ ಬರುವಾಗ ಅಮ್ಮಂದಿರು ಅವಲಕ್ಕಿ ಸರ, ಬಳೆ ಎಲ್ಲ ತರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಕಾರ್ಯಕ್ರಮ ಮುಗಿದ ಮಾರನೇ ದಿನವೇ ಬ್ಯಾಂಕ್ ಲಾಕರ್‌ಗೆ ಹೋಗಲಿ. ಬೀರುವಿನ ಸೀರೆ ಮಧ್ಯೆ ಬೇಡ, ಅಕ್ಕಿ ಡಬ್ಬವಂತೂ ಬೇಡವೇ ಬೇಡ. ಆ ಜಾಗಗಳು ಈಗ ಎಲ್ಲರಿಗೂ ಗೊತ್ತು.

ಈಗ ಕ್ಯಾಮೆರಾ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಕ್ಯಾಮೆರಾ ಹಾಕಿದರೆ ಆಯಿತು, ಮನೆ ಭದ್ರ ಅಂತ ನಂಬಿಬಿಟ್ಟಿದ್ದೇವೆ. ಮುಖ ಮುಚ್ಚಿಕೊಂಡು ಬಂದವನನ್ನು ಕ್ಯಾಮೆರಾ ಚೆನ್ನಾಗಿ ಚಿತ್ರ ತೆಗೆಯುತ್ತದೆ, ಹಿಡಿದು ನಿಲ್ಲಿಸುವುದಿಲ್ಲ. ಹೊರಗೆ ಹಾಕಿ, ಬೇಡ ಅನ್ನುವುದಿಲ್ಲ. ಗ್ಯಾರೇಜ್ ಮುಂದೆ ಒಂದು, ಹಿತ್ತಿಲ ಗೇಟಿಗೆ ಒಂದು ಇದ್ದರೆ ಒಳ್ಳೆಯದೇ. ಪಕ್ಕದ ಮನೆಯ ಬೆಡ್‌ರೂಮ್ ಕಿಟಕಿ ಅದರಲ್ಲಿ ಕಾಣಬಾರದು ಅಷ್ಟೇ. ನನ್ನ ತಕರಾರು ಇರುವುದು ಮನೆಯೊಳಗೆ, ಹಾಲ್‌ನಲ್ಲಿ, ಅಡುಗೆ ಮನೆಯಲ್ಲಿ, ಮಕ್ಕಳ ಕೋಣೆಯಲ್ಲಿ ಹಾಕುವ ಕ್ಯಾಮೆರಾ ಬಗ್ಗೆ.

ಆ ಚಿತ್ರವನ್ನು ಯಾರು ನೋಡುತ್ತಾರೆ? ಮನೆ ಕ್ಯಾಮೆರಾ ಮಾರುವ ರಿಂಗ್ ಕಂಪನಿ ಮೇಲೆ, ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕೇಸು ಹಾಕಿತು. ಒಬ್ಬ ಉದ್ಯೋಗಿ ತಿಂಗಳುಗಟ್ಟಲೆ ಹೆಂಗಸರ ಬೆಡ್‌ರೂಮ್, ಬಾತ್‌ರೂಮ್ ಕ್ಯಾಮೆರಾಗಳ ಸಾವಿರಾರು ವಿಡಿಯೋ ನೋಡಿದ್ದ ಅಂತ ಅದರಲ್ಲಿತ್ತು. ಕಂಪನಿ 58 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದಕ್ಕೂ ಮೊದಲು, 2019ರ ಡಿಸೆಂಬರ್‌ನಲ್ಲಿ, ಮಿಸಿಸಿಪಿಯ ಒಂದು ಮನೆಯಲ್ಲಿ ಮಕ್ಕಳ ಕೋಣೆಯ ಕ್ಯಾಮೆರಾದಿಂದ ಯಾರೋ ಅಪರಿಚಿತ ಎಂಟು ವರ್ಷದ ಹುಡುಗಿಯ ಜೊತೆ ನಾನು ಸಾಂತಾ ಅಂತ ಮಾತಾಡಿದ. 2024ರ ಫೆಬ್ರುವರಿಯಲ್ಲಿ ವೈಜ್ ಅನ್ನುವ ಕ್ಯಾಮೆರಾ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿದವು. ಇವೆಲ್ಲ ಅಮೆರಿಕದ ಮಾತು ಅನ್ನಬೇಡಿ. 2025ರಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ವಿಡಿಯೋ ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂತು. ಪಾಸ್‌ವರ್ಡ್ ‘ಅಡ್ಮಿನ್123’ ಅಂತ ಇಟ್ಟಿದ್ದರು ಅಂತ ಪತ್ರಿಕೆಗಳಲ್ಲೇ ಬಂತಲ್ಲ. ಪರೀಕ್ಷೆ ಮಾಡಿಸಿಕೊಳ್ಳಲು ಹೋದ ಹೆಣ್ಣುಮಕ್ಕಳು ಅವರು. ಓದಿದಾಗ ಹೊಟ್ಟೆ ಉರಿಯಿತು.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗ ಆಫೀಸಿನಲ್ಲಿ ಕೂತು ಫೋನಿನಲ್ಲಿ ಮನೆಯ ಹಾಲ್ ನೋಡುತ್ತಾನೆ. ಅಲ್ಲಿ ಅಮ್ಮ ಮಧ್ಯಾಹ್ನ ಊಟ ಮಾಡಿ ಸೋಫಾ ಮೇಲೆ ಸ್ವಲ್ಪ ಒರಗಿರುತ್ತಾರೆ. ಕಾಳಜಿಯಿಂದಲೇ ನೋಡುವುದು, ನಿಜ. ಆದರೆ ಆ ಅಮ್ಮನಿಗೆ ತಾನು ಕಾಣುತ್ತಿದ್ದೇನೆ ಅಂತ ಗೊತ್ತಾ? ಗೊತ್ತಿದ್ದರೆ ಆರಾಮಾಗಿ ಕಾಲು ಚಾಚಿ ಕೂರುತ್ತಾರಾ, ಊರಿನ ತಂಗಿ ಜೊತೆ ಮನಸ್ಸು ಬಿಚ್ಚಿ ಫೋನಿನಲ್ಲಿ ಮಾತಾಡುತ್ತಾರಾ? ಇವುಗಳಲ್ಲಿ ಮಾತೂ ರೆಕಾರ್ಡ್ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತನ್ನು ಆಡುವವರೆಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವುದು ಕಾನೂನಿಗೇ ವಿರುದ್ಧ. ಒಳಗಿನ ಕ್ಯಾಮೆರಾ ಇರಲೇಬೇಕು ಅಂದರೆ ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಆನ್ ಮಾಡಿ, ಜನ ಇರುವಾಗ ಪ್ಲಗ್ಗೇ ಕಿತ್ತುಬಿಡಿ. ಎಲ್ಲೆಲ್ಲಿ ಕ್ಯಾಮೆರಾ ಇದೆ ಅಂತ ಅಪ್ಪ ಅಮ್ಮ ಬಂದ ದಿನವೇ ಕೈತೋರಿಸಿ ಹೇಳಿ. ಇದು ನಾವು ಅವರಿಗೆ ಕೊಡಬೇಕಾದ ಮರ್ಯಾದೆ.

ಪಾಸ್‌ವರ್ಡ್ ಬಗ್ಗೆ ಉದ್ದ ಹೇಳುವುದಿಲ್ಲ. ಡಬ್ಬದ ಜೊತೆ ಬಂದದ್ದನ್ನು ಮೊದಲ ದಿನವೇ ಬದಲಿಸಿ, ಫೋನಿಗೆ ಕೋಡ್ ಬಂದಮೇಲೆ ಮಾತ್ರ ತೆರೆಯುವ ಹಾಗೆ ಮಾಡಿಕೊಳ್ಳಿ. ಗ್ಯಾರೇಜನ್ನು ಫೋನಿನಿಂದ ತೆರೆಯುವ ಆ್ಯಪ್ ಹಾಕಿದವರಿಗೆ ಇದು ಇನ್ನೂ ಮುಖ್ಯ. 2023ರಲ್ಲಿ ನೆಕ್ಸ್ ಅನ್ನುವ ಕಂಪನಿಯ ಗ್ಯಾರೇಜ್ ಸಾಧನಗಳಲ್ಲಿ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇದ್ದದ್ದು ಬಯಲಾಗಿ, ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯೇ ಎಚ್ಚರಿಕೆ ಕೊಡಬೇಕಾಯಿತು. ಊರಿಗೆ ತಿಂಗಳುಗಟ್ಟಲೆ ಹೋಗುವವರು ಗ್ಯಾರೇಜ್ ಗೋಡೆಯ ಬಟನ್ ಪಟ್ಟಿಯಲ್ಲಿ ‘ಲಾಕ್’ ಇದೆಯಾ ನೋಡಿ. ಅದನ್ನು ಒತ್ತಿದರೆ ಹೊರಗಿನ ಯಾವ ರಿಮೋಟೂ ಕೆಲಸ ಮಾಡುವುದಿಲ್ಲ. ಇದು ಇರುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕರ್ನಾಟಕದಲ್ಲೇ ಇರುವ ಓದುಗರಿಗೂ ಎರಡು ಮಾತು. ಬೆಂಗಳೂರು, ಮೈಸೂರಿನ ಹೊಸ ಮನೆಗಳಿಗೆ ಈಗ ಮೋಟರ್ ಗೇಟು, ರಿಮೋಟಿನ ರೋಲಿಂಗ್ ಶಟರ್ ಬರುತ್ತಿವೆ. ಕಡಿಮೆ ಬೆಲೆಯ ಎಷ್ಟೋ ಗೇಟ್ ರಿಮೋಟ್‌ಗಳು ಈಗಲೂ ಒಂದೇ ಕೋಡ್ ಕಳಿಸುವಂಥವು. ಆನ್‌ಲೈನಿನಲ್ಲಿ ಸಿಗುವ ಕಾಪಿ ರಿಮೋಟನ್ನು ಪಕ್ಕದಲ್ಲಿಟ್ಟು ಒತ್ತಿದರೆ ನಕಲು ಆಗಿಬಿಡುತ್ತದೆ. ಕೂರಿಸಲು ಬಂದವರನ್ನು ಕೇಳಿ, ಒತ್ತಿದಾಗಲೆಲ್ಲ ಕೋಡ್ ಬದಲಾಗುತ್ತಾ ಅಂತ. ಗೊತ್ತಿಲ್ಲ ಅಂದರೆ ಬೇರೆಯವರನ್ನು ಕರೆಸಿ. ಸಿಸಿಟಿವಿ ಹಾಕಿದವರು ವಿಡಿಯೋ ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆಯನ್ನು ಟಿವಿ ಕೆಳಗೆ ಎದುರಿಗೇ ಇಟ್ಟಿರುತ್ತಾರೆ. ಒಡವೆ ಜೊತೆ ಅದನ್ನೂ ಹೊತ್ತುಕೊಂಡು ಹೋದ ಸುದ್ದಿಗಳು ನಿಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತವೆ. ಅದನ್ನು ಕಾಣದ ಕಡೆ ಇಡಿ, ಬೀಗ ಹಾಕಿಡಿ. 2025ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಅಂಗಡಿಯಲ್ಲಿ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ ತೆಗೆದುಕೊಳ್ಳಿ. ಮನೆ ಬೀಗ ಹಾಕಿ ಮಗಳ ಮನೆಗೆ ಆರು ತಿಂಗಳು ಹೊರಡುವವರು ಹತ್ತಿರದ ಠಾಣೆಗೆ ಒಂದು ಮಾತು ತಿಳಿಸಿ, ಪಕ್ಕದವರಿಗೂ ಹೇಳಿ ಹೊರಡಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಅಮೆರಿಕಕ್ಕೆ ಹೊರಡುವ ಹಿರಿಯರಿಗೆ ವೀಸಾ, ಇನ್ಶೂರೆನ್ಸ್, ವಿಮಾನದ ಬಗ್ಗೆ ಪತ್ರಿಕೆಗಳಲ್ಲಿ ಲೇಖನ ಬರುತ್ತದೆ. ಹೋದಮೇಲೆ ಆ ಮನೆಯೊಳಗೆ ಹೇಗಿರಬೇಕು ಅನ್ನುವುದೂ ಬರಲಿ. ಕೆಂಪು ಹಗ್ಗ, ಒಳಬಾಗಿಲ ಬೀಗ, ತುರ್ತಿಗೆ 911, ಮನೆಯ ವಿಳಾಸ ಬಾಯಿಪಾಠ, ಅಪರಿಚಿತರು ಬೆಲ್ ಮಾಡಿದರೆ ಬಾಗಿಲು ತೆರೆಯದೆ ಒಳಗಿನಿಂದಲೇ ಮಾತಾಡುವುದು. ನಮ್ಮ ಕಡೆಯ ಕನ್ನಡ ಕೂಟಗಳಿಗೂ ಇದನ್ನೇ ಕೇಳುತ್ತಿದ್ದೇನೆ. ಯುಗಾದಿ ಕಾರ್ಯಕ್ರಮದ ದಿನ ಹಿರಿಯರು ಎಲ್ಲರೂ ಬಂದಿರುತ್ತಾರೆ, ಊಟಕ್ಕೆ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಲಿ. ತೋರಿಸಲು ಹಳೆ ಮೋಟರ್ ಒಂದು ಬೇಕಾದರೆ ನಮ್ಮ ಗ್ಯಾರೇಜಿನಲ್ಲಿದೆ, ನಾನೇ ತಂದುಕೊಡುತ್ತೇನೆ.

ಇಂತಿ,
ನಿಮ್ಮ ಓದುಗ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ